ಜಿಯಾಲಜಿ ಓದಿ ನೀರು-ಮಣ್ಣಿನ ಮಾಲಿನ್ಯ ತಡೆಯೋ ಕೆಲಸಕ್ಕೆ ಹೋಗಬಹುದಾ? ಶಿವಮೊಗ್ಗ ಕಡೆಯವರು ಹೇಳಿ

ಮಂಡಗದ್ದೆ_ಬೆಳ್ಳಕ್ಕಿ
ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಪಿಸಿಎಂಬಿಯಲ್ಲಿ ದ್ವಿತೀಯ ಪಿಯು ಮುಗಿಸಿದ್ದೇನೆ. ಬಿಎಸ್ಸಿಯಲ್ಲಿ ಜಿಯಾಲಜಿ ತಗೊಂಡು, ಮುಂದೆ ನೀರು, ಮಣ್ಣು ಕೆಡೋದನ್ನ ತಡೆಯೋ ಕೆಲಸಕ್ಕೆ ಹೋಗಬೇಕು ಅಂತ ನನ್ನ ಆಸೆ. ಅಪ್ಪ ಒಪ್ತಿಲ್ಲ. "ಕಲ್ಲು ಓದಿ ಎಂತ ಮಾಡ್ತೀಯ, ಕ್ವಾರಿಗೆ ಹೋಗ್ತೀಯಾ?" ಅಂತಾರೆ. ಮಾವ ಸಿವಿಲ್ ಎಂಜಿನಿಯರಿಂಗ್ ಮಾಡು ಅಂತಾರೆ. ಅಮ್ಮ ನರ್ಸಿಂಗ್ ಅಂತಾರೆ.

ಈ ಹುಚ್ಚು ಹತ್ತಿದ್ದು ನಮ್ಮ ಮನೆ ನೀರಿಂದ. ಮೊದಲೆಲ್ಲ ಗುಡ್ಡದ ಅಬ್ಬಿ ನೀರು ಬರ್ತಿತ್ತು. ಬೇಸಿಗೆಗೆ ಸಾಲ್ತಿಲ್ಲ ಅಂತ ಬೋರ್ ಹಾಕಿಸಿದ್ವಿ. ಬೋರಿನ ನೀರು ಬಿಂದಿಗೆಗೆ ಹಿಡಿಯುವಾಗ ಕನ್ನಡಿ ಇದ್ದಂಗೆ ಇರುತ್ತೆ. ಬೆಳಿಗ್ಗೆ ಹಿಡಿದಿದ್ದು ಮಧ್ಯಾಹ್ನದ ಹೊತ್ತಿಗೆ ಕೆಂಪಾಗಿ, ತಳದಲ್ಲಿ ಇಟ್ಟಿಗೆ ಪುಡಿ ಥರ ಕೂತಿರುತ್ತೆ. ಅಪ್ಪನ ಬಿಳಿ ಪಂಚೆಗಳೆಲ್ಲ ಕಾವಿ ಬಣ್ಣಕ್ಕೆ ತಿರುಗಿವೆ. ತೋಟದ ಕೆಳಗಿನ ಹಳ್ಳದಲ್ಲಿ ಎಣ್ಣೆ ಹಾಗೆ ಬಣ್ಣಬಣ್ಣದ ಪದರ ತೇಲುತ್ತೆ. ಯಾರೋ ಡೀಸೆಲ್ ಚೆಲ್ಲಿದ್ದಾರೆ ಅಂತ ಊರಲ್ಲಿ ಜಗಳವೇ ಆಗಿಹೋಯ್ತು. ಯಾರು ಚೆಲ್ಲಿದ್ದು, ಹೌದಾ ಅಲ್ವಾ ಅಂತ ಹೇಳೋಕೆ ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅದನ್ನ ಹೇಳಬಲ್ಲವಳು ನಾನಾಗಬೇಕು ಅನ್ನಿಸ್ತು.

ಈ ದಾರೀಲಿ ಹೋದವರು ಯಾರಾದ್ರೂ ಇದ್ದೀರಾ? ಕೆಲಸ ಇದೆಯಾ? ಎಲ್ಲಿ ಓದಬೇಕು?

ಸಾಗರದ_ಅಳಿಯ
ಅಪ್ಪನ ಮಾತು ಕೇಳು ತಂಗಿ. ಕೆಲಸ ಕಷ್ಟ.

ನೇರಮಾತು
ಸರ್ಕಾರಿ ಹುದ್ದೆ ನಂಬಿಕೊಂಡು ಜಿಯಾಲಜಿ ತಗೋಬೇಡ. ನನ್ನ ಕ್ಲಾಸ್‌ಮೇಟ್ ಎಂಎಸ್ಸಿ ಮುಗಿಸಿ ನಾಲ್ಕು ವರ್ಷ ಅಧಿಸೂಚನೆ ಕಾದ. ಈಗ ಇನ್ಶೂರೆನ್ಸ್ ಮಾಡ್ತಿದ್ದಾನೆ. ಹೆದರಿಸೋಕೆ ಹೇಳ್ತಿಲ್ಲ, ಕಂಡಿದ್ದು ಹೇಳ್ತಿದ್ದೇನೆ.

ಗುಡ್ಡದ_ಒರತೆ
ನಾನು ಹೈಡ್ರೋಜಿಯಾಲಜಿ, ಅಂದ್ರೆ ಅಂತರ್ಜಲ ಅಧ್ಯಯನದ ಕೆಲಸದಲ್ಲಿದ್ದೇನೆ, ಹದಿನಾಲ್ಕು ವರ್ಷ ಆಯ್ತು. ಕೆಲಸದ ವಿಷಯ ಆಮೇಲೆ. ಮೊದಲು ನಿನ್ನ ಹಳ್ಳದ ಡೀಸೆಲ್ ನೋಡೋಣ.

ನಾಳೆ ಬೆಳಿಗ್ಗೆ ಒಂದು ಕಡ್ಡಿ ತಗೊಂಡು ಹೋಗು. ಆ ಪದರದ ನಡುವೆ ಕಡ್ಡಿ ಎಳೆ. ಎಣ್ಣೆಯಾಗಿದ್ರೆ ಕಡ್ಡಿ ಸುತ್ತ ಸುರುಳಿ ಸುತ್ತಿ, ಕಡ್ಡಿ ತೆಗೆದ ತಕ್ಷಣ ಮತ್ತೆ ಕೂಡಿಕೊಳ್ಳುತ್ತೆ. ಒಡೆದ ಗಾಜಿನ ಹಾಗೆ ಚೂರುಚೂರಾಗಿ, ಚೂರುಗಳು ಬೇರೆಬೇರೆಯಾಗೇ ತೇಲಿದ್ರೆ ಅದು ಎಣ್ಣೆ ಅಲ್ಲ, ಕಬ್ಬಿಣದ ಬ್ಯಾಕ್ಟೀರಿಯಾ ಕಟ್ಟಿದ ಪೊರೆ. ಪೊರೆಯ ಕೆಳಗೆ ಕಿತ್ತಳೆ ಬಣ್ಣದ ಲೋಳೆ ಇದೆಯಾ ನೋಡು. ವಾಸನೆಯನ್ನೂ ನೋಡು, ಡೀಸೆಲ್ ವಾಸನೆ ಮುಚ್ಚಿಡೋಕಾಗಲ್ಲ.

ನೋಡಿ ಬಂದು ಬರಿ. ಆಮೇಲೆ ಮುಂದಿನ ಮಾತು.

ತುಂಗೆಯ_ದಂಡೆ
ನಾನು ಎನ್ವಿರಾನ್ಮೆಂಟಲ್ ಎಂಜಿನಿಯರ್, ಕೊಳಚೆ ನೀರು ಶುದ್ಧೀಕರಣ ಘಟಕಗಳ ಕೆಲಸ. ಮಾವ ಹೇಳಿದ್ದೇ ಸರಿ ಅಂತ ನನ್ನ ಅಭಿಪ್ರಾಯ. ಮಾಲಿನ್ಯ *ತಡೆಯೋದು* ಅಂದ್ರೆ ಏನಾದ್ರೂ ಕಟ್ಟಬೇಕು, ನಡೆಸಬೇಕು. ಅದು ಎಂಜಿನಿಯರ್ ಕೆಲಸ. ಸಿವಿಲ್ ಬಿಇ ಮಾಡಿ ಎಂಟೆಕ್‌ನಲ್ಲಿ ಎನ್ವಿರಾನ್ಮೆಂಟಲ್ ತಗೊಂಡ್ರೆ ದಾರಿ ನೇರ. ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಪರಿಸರ ಅಧಿಕಾರಿ ಹುದ್ದೆಗಳಿಗೂ ಬಿಇ ಕೇಳ್ತಾರೆ. ಶಿವಮೊಗ್ಗದ ಚರಂಡಿ ನೀರು ತುಂಗೆಗೆ ಸೇರೋದನ್ನ ನಿಲ್ಲಿಸೋದು ಪೈಪು, ಪಂಪು, ಏರೇಷನ್ ಟ್ಯಾಂಕ್. ಸುತ್ತಿಗೆ ಹಿಡಿದು ಬಂಡೆ ಕುಟ್ಟಿದ್ರೆ ಆಗಲ್ಲ.

ಗುಡ್ಡದ_ಒರತೆ
@ತುಂಗೆಯ_ದಂಡೆ ಸರ್, ಶಿವಮೊಗ್ಗ ಪೇಟೆಗೆ ನಿಮ್ಮ ಮಾತು ಒಪ್ಪಿದೆ. ಮಲೆನಾಡಿಗೆ ಒಪ್ಪಲ್ಲ. ಇಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಅರ್ಧ ಮೈಲಿ. ಒಳಚರಂಡಿ ಎಲ್ಲಿಂದ ಹಾಕ್ತೀರಿ? ಪ್ರತಿ ಮನೆಗೊಂದು ಶೌಚದ ಪಿಟ್ಟು, ಪ್ರತಿ ಮನೆಗೊಂದು ಬಾವಿ. ಪೈಪಿನಲ್ಲಿ ಬರೋ ಕೊಳೆಗೆ ನೀವು. ಪೈಪೇ ಇಲ್ಲದೆ ನೆಲದೊಳಗೆ ನಡೆದು ಬರೋ ಕೊಳೆಗೆ ನಾವು.

ಕಾನುಮನೆ
ಒರತೆಯವರು ಹೇಳಿದ್ದಕ್ಕೆ ನಮ್ಮ ಮನೆಯದ್ದೇ ಸಾಕ್ಷಿ ಇದೆ, ಸ್ವಲ್ಪ ಉದ್ದ ಆಗುತ್ತೆ, ಓದಿ.

ಸಾಗರದ ಹತ್ತಿರ ನಮ್ಮ ಮನೆ. ಅಂಗಳದಾಚೆ ಅಜ್ಜನ ಕಾಲದ ಬಾವಿ. ನಮ್ಮ ಹಿಂದಿನ ದಿಬ್ಬದ ಆಚೆ ಮಗ್ಗುಲಲ್ಲಿ ಒಂದು ಹೋಮ್‌ಸ್ಟೇ ಬಂತು. ಅವರ ಪಿಟ್ಟು ನಮ್ಮ ಕಡೆಗಿಲ್ಲ, ನೆಲ ಆಚೆಗೇ ಇಳಿಜಾರು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಮರುವರ್ಷ ಜೂನ್‌ನಲ್ಲಿ ಮೊದಲ ದೊಡ್ಡ ಮಳೆಯಾಗಿ ವಾರದೊಳಗೆ ಬಾವಿ ನೀರು ಕಮಟು. ಮಗುವಿಗೆ ಭೇದಿ. ಪರೀಕ್ಷೆ ಮಾಡಿಸಿದ್ರೆ ಇ-ಕೋಲಿ, ಅಂದ್ರೆ ಮಲದಿಂದ ಬರೋ ಬ್ಯಾಕ್ಟೀರಿಯಾ ಇದೆ ಅಂತ ಬಂತು. ಬ್ಲೀಚಿಂಗ್ ಪೌಡರ್ ಹಾಕಿ ಅಂದ್ರು. ಹಾಕಿದ್ವಿ, ಹದಿನೈದು ದಿನಕ್ಕೆ ಮತ್ತೆ ಅದೇ. ಮೂರು ಸಲ ಹಾಕಿದ್ವಿ. ಲ್ಯಾಬ್ ವರದಿ ನೀರಲ್ಲಿ ಏನಿದೆ ಅಂತ ಹೇಳಿತು, ಎಲ್ಲಿಂದ ಬರ್ತಿದೆ ಅಂತ ಹೇಳಲಿಲ್ಲ.

ಆಮೇಲೆ ಪರಿಚಯದ ಒಬ್ಬರು ಭೂವಿಜ್ಞಾನಿ ಬಂದ್ರು. ಬಾವಿ ಕಡೆ ತಿರುಗಿಯೂ ನೋಡದೆ ಸೀದಾ ರಸ್ತೆಗೆ ಗುಡ್ಡ ಕಡಿದ ಜಾಗಕ್ಕೆ ಹೋಗಿ ನಿಂತ್ರು. ಮೇಲೆ ಎರಡಾಳು ಎತ್ತರ ಜಂಬಿಟ್ಟಿಗೆ ಕಲ್ಲು, ಜೇನುಗೂಡಿನ ಥರ ತೂತುತೂತು. ಅದರ ಕೆಳಗೆ ಬಿಳಿ-ಗುಲಾಬಿ ಶೇಡಿ ಮಣ್ಣು. ಎರಡೂ ಸೇರೋ ಗೆರೆಯಲ್ಲಿ ನೀರು ಒಸರ್ತಿತ್ತು. ಆ ಗೆರೆಗೆ ಬೆರಳಿಟ್ಟು ತೋರಿಸಿದ್ರು: "ಮಳೆ ನೀರು ಜಂಬಿಟ್ಟಿಗೆಯಲ್ಲಿ ಸರಸರ ಇಳಿಯುತ್ತೆ. ಶೇಡಿ ಸಿಕ್ಕ ತಕ್ಷಣ ಕೆಳಗೆ ಹೋಗೋಕೆ ದಾರಿಯಿಲ್ಲ, ಅಡ್ಡ ಹರಿಯುತ್ತೆ. ನಿಮ್ಮ ನೆಲ ಆಚೆಗೆ ಇಳಿಜಾರು. ಒಳಗಿನ ಶೇಡಿ ಈಚೆಗೆ ಇಳಿಜಾರು." ಪಿಟ್ಟಿನ ಹತ್ತಿರ ಉಪ್ಪು ಕರಗಿಸಿ ಸುರಿಸಿದ್ರು. ಬಾವಿಗೆ ದಿನಾ ಮೂರು ಸಲ ಇಸಿ ಮೀಟರ್ (ನೀರಲ್ಲಿ ಕರಗಿದ ಉಪ್ಪಿನಂಶ ತೋರಿಸೋದು) ಇಳಿಬಿಟ್ಟು ಬರೆದುಕೊಂಡ್ರು. ಐದನೇ ದಿನ ಮುಳ್ಳು ಏರೋಕೆ ಶುರುವಾಯ್ತು.

ಹೋಮ್‌ಸ್ಟೇಯವರು ಆ ಪಟ್ಟಿ ನೋಡಿದ ಮೇಲೆ ತಾವೇ ಪಿಟ್ಟು ಬದಲಿಸಿದ್ರು. ಜಗಳ ಆಡಬೇಕಾಗಿ ಬರಲಿಲ್ಲ. ಈ ವಿದ್ಯೆ ಬೇಡ ಅಂತ ಯಾರಾದ್ರೂ ಹೇಳಿದ್ರೆ ನನಗೆ ಸಿಟ್ಟೇ ಬರುತ್ತೆ.

ಪಿಎಚ್_ಏಳು
ಕಾನುಮನೆಯವರದ್ದು ಓದಿ ಖುಷಿಯಾಯ್ತು, ಒಂದು ತಿದ್ದುಪಡಿ. ಇಸಿ ಮೀಟರ್‌ಗೆ ಮುಳ್ಳು ಇರಲ್ಲ, ಅಂಕಿ ಇರುತ್ತೆ :) ಮತ್ತೆ ಲ್ಯಾಬ್‌ನವರ ಮೇಲೆ ತಪ್ಪು ಹಾಕಬೇಡಿ. ನಾವು ಬಾಟಲಿಯಲ್ಲಿ ಬಂದಿದ್ದನ್ನ ಮಾತ್ರ ನೋಡ್ತೀವಿ. ಬಾಟಲಿ ಎಲ್ಲಿಂದ, ಯಾವಾಗ, ಎಷ್ಟು ಆಳದಿಂದ ತುಂಬಿದ್ದು ಅಂತ ನೂರರಲ್ಲಿ ತೊಂಬತ್ತು ಜನ ಬರೆದಿರೋದೇ ಇಲ್ಲ. ಕಬ್ಬಿಣದ ಪರೀಕ್ಷೆಗೆ ಅಂತ ಕೂಲ್‌ಡ್ರಿಂಕ್ ಬಾಟಲಿಯಲ್ಲಿ ನಿನ್ನೆಯ ನೀರು ತರ್ತಾರೆ, ಕಬ್ಬಿಣ ಅಷ್ಟೂ ತಳದಲ್ಲಿ ಕೂತಿರುತ್ತೆ. ಆಸಿಡ್ ಹಾಕಿ ತರಬೇಕು ಅಂತ ಯಾರೂ ಅವರಿಗೆ ಹೇಳಿರಲ್ಲ.

@ಮಂಡಗದ್ದೆ_ಬೆಳ್ಳಕ್ಕಿ ನಿಮ್ಮ ಬೋರಿನ ನೀರು ಕೆಂಪಾಗೋದು ಇದೇ ಕಥೆ. ಆಳದಲ್ಲಿ ಗಾಳಿ ಇಲ್ಲ, ಕಬ್ಬಿಣ ಕರಗಿದ ಸ್ಥಿತಿಯಲ್ಲಿರುತ್ತೆ, ಕಣ್ಣಿಗೆ ಕಾಣಲ್ಲ. ಮೇಲೆ ಬಂದು ಗಾಳಿ ತಾಗಿದಾಗ ತುಕ್ಕಾಗಿ ಬೀಳುತ್ತೆ. ಕುಡಿಯೋ ನೀರಿನ ಐಎಸ್ 10500 ಮಾನದಂಡದಲ್ಲಿ ಕಬ್ಬಿಣಕ್ಕೆ ಲೀಟರಿಗೆ 0.3 ಮಿಲಿಗ್ರಾಂ ಮಿತಿ ಇದೆ.

ಗುಡ್ಡದ_ಒರತೆ
ಪಿಎಚ್ ಅವರೇ, 0.3 ಇದ್ದದ್ದು 2012ರ ಮುದ್ರಣದಲ್ಲಿ. ಆಮೇಲೆ ತಿದ್ದುಪಡಿಯಾಗಿ 1.0 ಆಗಿದೆ.

ಪಿಎಚ್_ಏಳು
ಹೌದು, ಸರಿ. ನಮ್ಮ ಗೋಡೆಗೆ ಅಂಟಿಸಿದ ಚಾರ್ಟ್ ಹಳೇದು. ನಾಳೆನೇ ಬದಲಿಸ್ತೀನಿ.

ಮಂಡಗದ್ದೆ_ಬೆಳ್ಳಕ್ಕಿ
ಕಡ್ಡಿ ಎಳೆದು ನೋಡಿ ಬಂದೆ! ಒಡೆದ ಗಾಜಿನ ಹಾಗೇ ಚೂರಾಯ್ತು, ಕೂಡಲಿಲ್ಲ. ವಾಸನೆ ಇಲ್ಲ. ಕೆಳಗೆ ಕಿತ್ತಳೆ ಲೋಳೆ, ಬೆರಳಿಗೆ ಹತ್ತಿಯ ಹಾಗೆ ಅಂಟುತ್ತೆ. ಪಕ್ಕದ ಮನೆ ದೊಡ್ಡಪ್ಪನನ್ನೂ ಕರೆದುಕೊಂಡು ಹೋಗಿ ತೋರಿಸಿದೆ. ಡೀಸೆಲ್ ಪಂಪ್ ಇಟ್ಟಿರೋದು ಅವರೇ, ಒಂದು ವರ್ಷದಿಂದ ಬೈಗುಳ ತಿಂದಿದ್ದು ಅವರೇ. ಸುಮ್ಮನೆ ನಿಂತು ನೋಡಿದ್ರು. ಮಾತೇ ಆಡಲಿಲ್ಲ.

ಆದರೆ ಮೂರು ವರ್ಷದ ಹಿಂದೆ ಈ ಲೋಳೆ ಇರಲಿಲ್ಲ. ಈಗ ಯಾಕೆ?

ಗುಡ್ಡದ_ಒರತೆ
ಒಳ್ಳೆ ಪ್ರಶ್ನೆ. ಹಳ್ಳದ ಮೇಲ್ಗಡೆ ಅಡಿಕೆ ಸಿಪ್ಪೆ ರಾಶಿ ಹಾಕಿದ್ದಾರಾ?

ಮಂಡಗದ್ದೆ_ಬೆಳ್ಳಕ್ಕಿ
ಹೌದು!! ರಸ್ತೆ ಪಕ್ಕ, ಮೋರಿ ಹತ್ತಿರ. ಎರಡು ಮೂರು ವರ್ಷದಿಂದ ಸುಲಿದ ಸಿಪ್ಪೆ ಎಲ್ಲ ಅಲ್ಲೇ. ನಿಮಗೆ ಹೇಗೆ ಗೊತ್ತಾಯ್ತು?

ಗುಡ್ಡದ_ಒರತೆ
ಅದು ಒದ್ದೆಯಾಗಿ ಕೊಳೆಯುವಾಗ ಕೆಳಗಿನ ಮಣ್ಣಿನ ಆಮ್ಲಜನಕ ಪೂರ್ತಿ ತಿಂದುಹಾಕುತ್ತೆ. ಗಾಳಿ ಇಲ್ಲದ ಮಣ್ಣಲ್ಲಿ ನಮ್ಮ ಕೆಂಪು ಮಣ್ಣಿನ ಕಬ್ಬಿಣ ಕರಗಿ ನೀರಿಗೆ ಬರುತ್ತೆ. ಕೆಳಗೆ ಹಳ್ಳದಲ್ಲಿ ಗಾಳಿ ಸಿಕ್ಕಿದ ಕಡೆ ಬ್ಯಾಕ್ಟೀರಿಯಾ ಅದನ್ನ ಹಿಡಿದು ಲೋಳೆ ಕಟ್ಟುತ್ತೆ. ಸಿಪ್ಪೆಯ ಒಗರು ಕಬ್ಬಿಣಕ್ಕೆ ಸೇರಿದ್ರೆ ನೀರು ಶಾಯಿ ಥರ ಕಪ್ಪಾಗೋದೂ ಉಂಟು. ರಾಶಿ ಬುಡದ ಗುಂಡಿ ನೋಡಿದ್ರೆ ಕಪ್ಪು ನೀರು ಇರಬಹುದು. ಇದು ಊಹೆ ಅಂತಲೇ ಇಟ್ಟುಕೋ. ಖಾತ್ರಿ ಮಾಡಬೇಕಂದ್ರೆ ರಾಶಿಗಿಂತ ಮೇಲಿನ ನೀರು, ಕೆಳಗಿನ ನೀರು ಎರಡನ್ನೂ ಅಳೀಬೇಕು. ಮೇಲೊಂದು ಕೆಳಗೊಂದು ಮಾದರಿ ಇಲ್ಲದೆ ಯಾರ ಮೇಲೂ ಬೆರಳು ತೋರಿಸಬಾರದು. ಈ ಕೆಲಸದ ಮೊದಲ ಪಾಠ ಅದು.

ಹೊಸನಗರ_ತೋಟ
ಬಂತು ನೋಡಿ, ಕೊನೆಗೆ ಅಡಿಕೆಯವರ ತಲೆಗೇ ಬಂತು. ಸಿಪ್ಪೆ ಎಲ್ಲಿ ಹಾಕಬೇಕು ಮಾರಾಯ್ರೆ? ತೋಟಕ್ಕೆ ಹಾಕಿದ್ರೆ ಕರಗೋಕೆ ವರ್ಷಗಟ್ಟಲೆ ಬೇಕು. ಸುಟ್ರೆ ಹೊಗೆ ಅಂತೀರಿ. ನಾಳೆ ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಕೂಡ ವಿಷ ಅಂತೀರಿ.

ನವಿಲೆ_ಮಣ್ಣು
ಹೊಸನಗರದವರೇ, ನಾನೂ ತೋಟದ ಮನೆಯವಳೇ, ಮಣ್ಣು ವಿಜ್ಞಾನದಲ್ಲಿ ಎಂಎಸ್ಸಿ ಅಗ್ರಿ ಮಾಡ್ತಿದ್ದೇನೆ. ನೀವೇ ಬೋರ್ಡೋ ಹೆಸರು ತೆಗೆದ್ರಿ ಅಂತ ಹೇಳ್ತೇನೆ, ಬೈಬೇಡಿ.

ಬೋರ್ಡೋ ಇಲ್ಲದಿದ್ರೆ ಮಲೆನಾಡಲ್ಲಿ ಅಡಿಕೆಯೇ ಇಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗದ ಮೇಲೆ ಕೆಲಸ ಮಾಡಿದ ಕಾಲದಿಂದ ಅದು ನಮ್ಮ ಅಡಿಕೆ ಕೊನೆಗಳನ್ನ ಕಾಯ್ತಾ ಬಂದಿದೆ. ಆದರೆ ಲೆಕ್ಕ ಹಾಕಿ ನೋಡಿ. ಶೇಕಡ 1ರ ದ್ರಾವಣ ಅಂದ್ರೆ 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ಶುದ್ಧ ತಾಮ್ರ. ನಮ್ಮನೇಲಿ ಎಕರೆಗೆ ಒಂದು ಸುತ್ತಿಗೆ 200 ಲೀಟರಿನ ಮೂರು ಬ್ಯಾರೆಲ್. ಅಂದ್ರೆ ಒಂದೂವರೆ ಕಿಲೋ ತಾಮ್ರ. ವರ್ಷಕ್ಕೆ ಎರಡು ಸುತ್ತು, ಮೂರು ಕಿಲೋ. ಮೂವತ್ತು ವರ್ಷಕ್ಕೆ 90 ಕಿಲೋ. ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 8 ಲಕ್ಷ ಕಿಲೋ ತೂಗುತ್ತೆ. ತಾಮ್ರ ಎಲ್ಲ ಅಲ್ಲೇ ಉಳಿದಿದ್ರೆ ಕಿಲೋ ಮಣ್ಣಿಗೆ 110 ಮಿಲಿಗ್ರಾಂ ಮೀರುತ್ತೆ. ಪೂರ್ತಿ ಉಳಿಯಲ್ಲ, ಸ್ವಲ್ಪ ಮಳೆ ನೀರಿನ ಜೊತೆ ಹಳ್ಳಕ್ಕೆ ಹೋಗುತ್ತೆ. ಆದರೆ ತಾಮ್ರ ಕೊಳೆತು ಮಾಯವಾಗೋ ವಸ್ತು ಅಲ್ಲ, ಎರೆಹುಳುವಿಗೆ ಒಳ್ಳೇದೂ ಅಲ್ಲ. ನಮ್ಮ ಮಣ್ಣು ಬೇರೆ ಹುಳಿ. ಹುಳಿ ಮಣ್ಣಲ್ಲಿ ತಾಮ್ರ ಬೇಗ ಬಿಟ್ಟುಕೊಳ್ಳುತ್ತೆ.

ಇನ್ನೊಂದು ವಿಷಯ ನನಗೆ ಬೇಜಾರು. 2015ರಿಂದ ಕೊಡ್ತಿರೋ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಇವೆ, ತಾಮ್ರವೂ ಇದೆ. ಆದರೆ ಅದು ನೋಡೋದು ಬೆಳೆಗೆ ತಾಮ್ರ *ಸಾಕಾ* ಅಂತ. *ಜಾಸ್ತಿಯಾಯ್ತಾ* ಅಂತ ಅಲ್ಲ. ನಮ್ಮ ತೋಟದ ಚೀಟಿಯಲ್ಲಿ "ಸಾಕಷ್ಟು" ಅಂತ ಬಂದಿದ್ದು ನೋಡಿ ಅಪ್ಪ ಸಮಾಧಾನ ಪಟ್ಟುಕೊಂಡ್ರು.

ಹೊಸನಗರ_ತೋಟ
ಲೆಕ್ಕ ಸರಿ ಇದೆ. ನಮ್ಮದು ನಾಲ್ಕು ಬ್ಯಾರೆಲ್. ಮಳೆ ಹಿಡಿದ ವರ್ಷ ಮೂರು ಸುತ್ತು. ಇದನ್ನ ಯಾರೂ ಹೀಗೆ ಕೂರಿಸಿ ಹೇಳಿರಲಿಲ್ಲ. ಈಗ ಎಂತ ಮಾಡ್ಲಿ ಅಂತ ಹೇಳಿ, ಬಿಡು ಅಂತ ಮಾತ್ರ ಹೇಳಬೇಡಿ.

ನವಿಲೆ_ಮಣ್ಣು
ಬಿಡಿ ಅನ್ನಲ್ಲ. ಮೂರು ಮಾತು. ಬ್ಯಾರೆಲ್ ತೊಳೆದ ನೀರು, ಉಳಿದ ದ್ರಾವಣ ಹಳ್ಳಕ್ಕೆ ಚೆಲ್ಲಬೇಡಿ. ಮೀನಿಗೆ, ಕಪ್ಪೆಮರಿಗೆ ತಾಮ್ರ ನಮಗಿಂತ ಬಹಳ ಬೇಗ ಹತ್ತುತ್ತೆ. ಕಲಸೋ ಜಾಗ ಬಾವಿ ಹತ್ತಿರ ಇದ್ರೆ ಬದಲಿಸಿ, ವರ್ಷವರ್ಷ ಅದೇ ಜಾಗ ಆದ್ರೆ ಅಲ್ಲಿ ತಾಮ್ರದ ಗಣಿಯೇ ಆಗಿರುತ್ತೆ. ಮತ್ತೆ ಮಣ್ಣಿನ ಪಿಎಚ್ ನೋಡಿಸಿ, ತೀರಾ ಹುಳಿ ಇದ್ರೆ ಸುಣ್ಣ ಹಾಕಿ, ಗೊಬ್ಬರ ಸೊಪ್ಪು ಬಿಡಬೇಡಿ. ತಾಮ್ರವನ್ನ ಹಿಡಿದಿಡೋದು ಸಾವಯವ ಅಂಶ.

ಅಂದಹಾಗೆ @ಮಂಡಗದ್ದೆ_ಬೆಳ್ಳಕ್ಕಿ, ಇದು ಮೂರನೇ ದಾರಿ. ಬಿಎಸ್ಸಿ ಅಗ್ರಿ ಮಾಡಿ ಮಣ್ಣು ವಿಜ್ಞಾನ. ಶಿವಮೊಗ್ಗದ ನವಿಲೆಯಲ್ಲಿ ಕೃಷಿ ಕಾಲೇಜು ಇದೆ, ಕೆಳದಿ ಶಿವಪ್ಪನಾಯಕ ವಿಶ್ವವಿದ್ಯಾಲಯದ್ದು. ಪಿಸಿಎಂಬಿ ಓದಿದ್ದೀ, ಸಿಇಟಿ ಬರೆದಿದ್ರೆ ನೋಡು.

ಸಾಗರದ_ಅಳಿಯ
ವಿಷಯ ಬಿಟ್ಟು ಒಂದು ಕೇಳ್ತೀನಿ. ಅಬ್ಬಿ ನೀರು ಅಷ್ಟು ರುಚಿ ಯಾಕೆ? ದಬ್ಬೆಯಲ್ಲಿ ಬಂದ ನೀರಿನ ಮುಂದೆ ಫಿಲ್ಟರ್ ನೀರು ಸಪ್ಪೆ.

ಪಿಎಚ್_ಏಳು
ತಣ್ಣಗಿರುತ್ತೆ, ಗಾಳಿ ತುಂಬಿರುತ್ತೆ. ಆದರೆ ರುಚಿ ನೋಡಿ ಶುದ್ಧ ಅಂತ ತೀರ್ಮಾನ ಮಾಡಬೇಡಿ. ಮೇಲೆ ದನ ಮೇಯೋ ಬ್ಯಾಣ ಇದ್ರೆ ಕುದಿಸಿಯೇ ಕುಡೀರಿ.

ಕೂಡ್ಲಿ_ಸಂಗಮ
ತುಂಗೆ, ಭದ್ರೆ ಸೇರೋ ಕಡೆ ನಮ್ಮೂರು. "ತುಂಗಾ ಪಾನ ಗಂಗಾ ಸ್ನಾನ" ಅಂತ ಹೇಳಿಕೊಂಡು ಬೆಳೆದವರು ನಾವು. ಏಪ್ರಿಲ್‌ನಲ್ಲಿ ಬಂದು ನೋಡಿ, ಮೆಟ್ಟಿಲ ಮೇಲೆ ಹಸಿರು ಪಾಚಿ, ನೊರೆ. ಅಜ್ಜಿ ಈಗಲೂ ಚೊಂಬಲ್ಲಿ ತುಂಬಿಸಿಕೊಂಡು ಬಾ ಅಂತಾಳೆ. ನಾನು ಮನೆ ಬೋರಿನ ನೀರು ತುಂಬಿಸಿ ಕೊಡ್ತೇನೆ. ಸುಳ್ಳು ಹೇಳಿದ ಹಾಗಾಗುತ್ತೆ, ಆದರೂ ಕೊಡ್ತೇನೆ.

ತುಂಗೆಯ_ದಂಡೆ
ನಿಮ್ಮ ಮಾತು ಚುಚ್ಚಿತು. ಸ್ನಾನಕ್ಕೆ ಯೋಗ್ಯ ಅನ್ನಬೇಕಾದ್ರೆ ಬಿಒಡಿ (ನೀರಲ್ಲಿನ ಕೊಳೆ ತಿನ್ನೋಕೆ ಸೂಕ್ಷ್ಮಜೀವಿಗಳಿಗೆ ಬೇಕಾಗೋ ಆಮ್ಲಜನಕ) ಲೀಟರಿಗೆ 3 ಮಿಲಿಗ್ರಾಂ ದಾಟಬಾರದು, 100 ಮಿಲಿಲೀಟರಲ್ಲಿ ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 500ರೊಳಗಿರಬೇಕು, ಎಷ್ಟೇ ಅಂದ್ರೂ 2500 ಮೀರಬಾರದು. ಮಳೆಗಾಲದಲ್ಲಿ ನದಿ ತಾನೇ ತೊಳೆದುಕೊಳ್ಳುತ್ತೆ, ಬೇಸಿಗೆಯಲ್ಲಿ ಹರಿವೇ ಇರಲ್ಲ. ಹಾಗಾಗಿ ಬೇಸಿಗೆಯ ಅಂಕಿ ನೋಡಬೇಕು, ವರ್ಷದ ಸರಾಸರಿ ಅಲ್ಲ. ನಮ್ಮ ಕೆಲಸ ಇನ್ನೂ ಬಹಳ ಬಾಕಿ ಇದೆ, ಒಪ್ಪಿಕೊಳ್ತೇನೆ.

ಮತ್ತೆ ಒರತೆಯವರ ಪೈಪಿನ ಮಾತಿಗೆ. ಯೋಚನೆ ಮಾಡಿದೆ, ಅರ್ಧ ಒಪ್ಪಿದೆ. ಒಂದು ಘಟಕಕ್ಕೆ ಜಾಗ ನೋಡುವಾಗ ನಾವು ಮಣ್ಣಿನ ಭಾರ ಹೊರೋ ಶಕ್ತಿ ಮಾತ್ರ ನೋಡಿದ್ವಿ. ಕೆಳಗೆ ನೀರು ಯಾವ ಕಡೆ ಹರಿಯುತ್ತೆ ಅಂತ ಕೇಳಿದವರು ಯಾರೂ ಇರಲಿಲ್ಲ. ನಮ್ಮ ತಂಡದಲ್ಲಿ ಭೂವಿಜ್ಞಾನಿ ಇರಲಿಲ್ಲ.

ನೇರಮಾತು
ಎಲ್ಲ ಚೆನ್ನಾಗಿದೆ. ಸಂಬಳದ ಮಾತು ಯಾರೂ ಎತ್ತಲಿಲ್ಲವಲ್ಲ? ಹುಡುಗಿ ಕೇಳಿದ್ದು ಕೆಲಸ ಇದೆಯಾ ಅಂತ.

ಗುಡ್ಡದ_ಒರತೆ
ನ್ಯಾಯವಾದ ಮಾತು. ಬರೀತೀನಿ, ಮುಚ್ಚುಮರೆ ಇಲ್ಲದೆ.

ಓದು: ಬಿಎಸ್ಸಿಯಲ್ಲಿ ಜಿಯಾಲಜಿ ಜೊತೆ ಕೆಮಿಸ್ಟ್ರಿ ಸಿಗೋ ಕಾಂಬಿನೇಷನ್ನೇ ತಗೋ. ಕೆಮಿಸ್ಟ್ರಿ ಬಿಟ್ಟರೆ ಮಾಲಿನ್ಯದ ಕೆಲಸದಲ್ಲಿ ಕುಂಟುತ್ತೀಯ. ಯಾವ ಕಾಲೇಜಲ್ಲಿ ಈ ವರ್ಷ ಏನಿದೆ ಅಂತ ಹೋಗಿ ಕೇಳಬೇಕು, ಹಳೆ ಪ್ರಾಸ್ಪೆಕ್ಟಸ್ ನಂಬಬೇಡ. ಎಂಎಸ್ಸಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಅಪ್ಲೈಡ್ ಜಿಯಾಲಜಿಯೂ ಇದೆ, ಪರಿಸರ ವಿಜ್ಞಾನವೂ ಇದೆ. ಮೈಸೂರು ಮಾನಸಗಂಗೋತ್ರಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮಂಗಳೂರಿನಲ್ಲಿ ಮರೈನ್ ಜಿಯಾಲಜಿ. ಹೊರಗೆ ಹೋಗೋ ಧೈರ್ಯ ಇದ್ರೆ ಐಐಟಿಗಳ ಎಂಎಸ್ಸಿ ಪ್ರವೇಶಕ್ಕೆ ಇರೋ ಜ್ಯಾಮ್ ಪರೀಕ್ಷೆಯ ಜಿಯಾಲಜಿ ಪತ್ರಿಕೆ ಬರೆದು ಐಐಟಿ ಬಾಂಬೆ, ರೂರ್ಕಿ, ಖರಗ್‌ಪುರ, ಧನ್‌ಬಾದ್.

ಸರ್ಕಾರಿ: ಯುಪಿಎಸ್‌ಸಿಯ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆ. ಎಂಎಸ್ಸಿ ಬೇಕು. ಅದರಲ್ಲಿ ಕೇಂದ್ರ ಅಂತರ್ಜಲ ಮಂಡಳಿಗೆ ಹೈಡ್ರೋಜಿಯಾಲಜಿ ವಿಜ್ಞಾನಿ ಹುದ್ದೆ ಇರುತ್ತೆ, ಮೂಲ ವೇತನ 56,100ರಿಂದ ಶುರು. ಹುದ್ದೆ ಕಡಿಮೆ, ಸ್ಪರ್ಧೆ ಹೆಚ್ಚು. ರಾಜ್ಯದಲ್ಲಿ ಅಂತರ್ಜಲ ನಿರ್ದೇಶನಾಲಯ, ಗಣಿ ಮತ್ತು ಭೂವಿಜ್ಞಾನ ಇಲಾಖೆ. ಇಲ್ಲಿ ನೇರಮಾತು ಅವರು ಹೇಳಿದ್ದು ನಿಜ, ನೇಮಕಾತಿ ನಡುವೆ ವರ್ಷಗಳೇ ಕಳೀತವೆ. ಮಾಲಿನ್ಯ ನಿಯಂತ್ರಣ ಮಂಡಳಿಗೆ ತುಂಗೆಯ ದಂಡೆಯವರು ಹೇಳಿದ ಹಾಗೆ ಬಿಇ, ಇಲ್ಲ ರಸಾಯನ ಅಥವಾ ಪರಿಸರ ವಿಜ್ಞಾನದ ಎಂಎಸ್ಸಿ. ಪ್ರತಿ ಅಧಿಸೂಚನೆಯ ಅರ್ಹತೆ ಸಾಲನ್ನ ಪದ ಬಿಡದೆ ಓದು.

ಖಾಸಗಿ: ಪರಿಸರ ಪರಿಣಾಮ ಅಧ್ಯಯನ ಮಾಡೋ ಸಂಸ್ಥೆಗಳಿಗೆ ಮಾನ್ಯತೆ ಸಿಗಬೇಕಾದ್ರೆ ಜಲವಿಜ್ಞಾನ-ಅಂತರ್ಜಲ, ಭೂವಿಜ್ಞಾನ, ಮಣ್ಣು ಸಂರಕ್ಷಣೆ ಇವಕ್ಕೆಲ್ಲ ಬೇರೆಬೇರೆ ತಜ್ಞರನ್ನ ತೋರಿಸಬೇಕು. ಅಲ್ಲಿ ನಮಗೆ ಜಾಗ ಇದೆ. ನನಗೆ ಮೊದಲು ಸಿಕ್ಕಿದ್ದು 12 ಸಾವಿರ, ಬೆಂಗಳೂರಲ್ಲಿ. ಎರಡು ವರ್ಷ ಹಾಗೇ ತಳ್ಳಿದೆ. ನಕ್ಷೆ ಮಾಡೋ ಕ್ಯೂಜಿಐಎಸ್ ಕಲಿತ ಮೇಲೆ, ಅಂತರ್ಜಲ ಹರಿವಿನ ಮಾದರಿ ಕಟ್ಟೋ ಮಾಡ್‌ಫ್ಲೋ ಕಲಿತ ಮೇಲೆ ಬದುಕು ತಿರುಗಿತು. ಎರಡೂ ಉಚಿತ ತಂತ್ರಾಂಶ, ಮನೇಲೇ ಕೂತು ಕಲೀಬಹುದು.

ಹೊಸದೊಂದು: 2025ರ ಜುಲೈನಲ್ಲಿ ಕಲುಷಿತ ಜಾಗಗಳ ನಿರ್ವಹಣೆಗೆ ಅಂತಲೇ ಕೇಂದ್ರ ಸರ್ಕಾರ ನಿಯಮ ಹೊರಡಿಸಿದೆ. ಜಾಗ ಗುರುತಿಸಬೇಕು, ಮಣ್ಣು-ಅಂತರ್ಜಲ ತನಿಖೆ ಆಗಬೇಕು, ಕೆಡಿಸಿದವರು ಶುದ್ಧೀಕರಣದ ಖರ್ಚು ಕೊಡಬೇಕು. ನೀನು ಓದು ಮುಗಿಸೋ ಹೊತ್ತಿಗೆ ಈ ಕೆಲಸಕ್ಕೆ ಜನ ಬೇಕಾಗ್ತಾರೆ ಅಂತ ನನ್ನ ನಂಬಿಕೆ.

ನೇರಮಾತು
ಇದು ಉತ್ತರ. 12 ಸಾವಿರ ಅಂತ ಬರೆದಿದ್ದಕ್ಕೆ ಧನ್ಯವಾದ, ಯಾರೂ ಹೇಳಲ್ಲ.

ತುಂಗೆಯ_ದಂಡೆ
ಒಂದು ಸೇರಿಸ್ತೇನೆ. 2021ರಿಂದ ಎಂಟೆಕ್ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ ಎನ್ವಿರಾನ್ಮೆಂಟಲ್ ಸೈನ್ಸ್ ಆಂಡ್ ಎಂಜಿನಿಯರಿಂಗ್ ಅಂತ ಪ್ರತ್ಯೇಕ ಪತ್ರಿಕೆ ಬಂದಿದೆ. ಎಂಎಸ್ಸಿ ಮಾಡಿದವರನ್ನೂ ಕೆಲವು ಎಂಟೆಕ್‌ಗಳಿಗೆ ತಗೋತಾರೆ. ಜಿಯಾಲಜಿ ಓದಿ ಆಮೇಲೆ ನಮ್ಮ ಕಡೆಗೂ ಬರಬಹುದು, ಬಾಗಿಲು ಮುಚ್ಚಿಲ್ಲ.

ಹಳೆ_ಮೇಷ್ಟ್ರು
ಮೂವತ್ತು ವರ್ಷ ಜಿಯಾಲಜಿ ಪಾಠ ಮಾಡಿದವನು. ಯಾರೂ ಕುದುರೆಮುಖದ ಮಾತೆತ್ತಲಿಲ್ಲ. ನಮ್ಮ ಭದ್ರೆಯ ತಲೆಯ ಮೇಲೆ ಕಬ್ಬಿಣದ ಅದಿರಿನ ಗಣಿ ಇತ್ತು. ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ ಮೇಲೆ 2005ರ ಕೊನೆಗೆ ನಿಂತಿತು. ಆ ವ್ಯಾಜ್ಯದ ದೊಡ್ಡ ವಿಷಯವೇ ಹೂಳು. ವಿಷ ಅಲ್ಲ, ಬರೀ ಮಣ್ಣು. ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ ಬೀಳೋ ಇಳಿಜಾರಲ್ಲಿ ಹೊದಿಕೆ ಕಿತ್ತ ಮಣ್ಣೇ ನದಿಗೆ ಮಾಲಿನ್ಯ. ನನ್ನ ವಿದ್ಯಾರ್ಥಿಗಳನ್ನ ಜುಲೈನಲ್ಲಿ ಭದ್ರಾ ಸೇತುವೆ ಮೇಲೆ ನಿಲ್ಲಿಸಿ ಬಾಟಲಿಗೆ ನೀರು ತುಂಬಿಸ್ತಿದ್ದೆ, ಕಿಟಕಿಯ ಮೇಲೆ ಸಾಲಾಗಿ ಇಡಿಸ್ತಿದ್ದೆ. ದಿನಾ ತಳದ ಕೆಸರು ಸ್ಕೇಲಿನಲ್ಲಿ ಅಳೀಬೇಕು. ಮೊದಲ ವಾರ ಎಲ್ಲರಿಗೂ ಬೇಸರ. ಒಂದು ಗುಡ್ಡ ಜರಿದ ಮರುದಿನ ಬಾಟಲಿಯಲ್ಲಿ ಕೆಸರು ಎರಡು ಬೆರಳು ಏರಿತ್ತು. ಆ ದಿನದಿಂದ ಯಾರೂ ತಪ್ಪಿಸಲಿಲ್ಲ.

ಮಗೂ, ಜಿಯಾಲಜಿ ಓದು. ನಮ್ಮ ಜಿಲ್ಲೆಯ ಬಂಡೆಗಳು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯವು. ಅವು ಏನನ್ನ ಬಿಟ್ಟುಕೊಡ್ತವೆ, ಏನನ್ನ ಹಿಡಿದಿಡ್ತವೆ ಅಂತ ತಿಳಿಯದೆ ಈ ನೀರನ್ನ ತಿಳಿಯೋಕಾಗಲ್ಲ.

ಸಾಗರದ_ಅಳಿಯ
ಹುಡುಗಿ ಒಬ್ಬಳೇ ಕಾಡು ಮೇಡು ಸುತ್ತೋದು ಹೇಗೆ ಅಂತ ಅವರಪ್ಪನ ಚಿಂತೆ ಇರಬಹುದು. ಅದನ್ನೂ ಹೇಳಿ.

ನವಿಲೆ_ಮಣ್ಣು
ಫೀಲ್ಡಿಗೆ ಒಬ್ಬರನ್ನೇ ಯಾರೂ ಕಳಿಸಬಾರದು, ಗಂಡಸರನ್ನೂ. ಇಬ್ಬರು ಮೂವರು ಹೋಗ್ತೀವಿ. ತೊಂದರೆ ಇರೋದು ಶೌಚಾಲಯದ್ದು, ಬಸ್ಸಿನದ್ದು, ಉಂಬಳದ್ದು (ಜಿಗಣೆ). ಮಣ್ಣು ತೆಗೆಯೋ ಆಗರ್ ಭಾರ. ನಾಲ್ಕು ಅಡಿ ಇಳಿಸೋಷ್ಟರಲ್ಲಿ ಅಂಗೈ ಬೊಬ್ಬೆ. ಅದೆಲ್ಲ ಅಭ್ಯಾಸ ಆಗುತ್ತೆ. ಹೆಣ್ಣುಮಕ್ಕಳು ಹೋದ್ರೆ ಒಂದು ಅನುಕೂಲವೂ ಇದೆ. ಬಾವಿ ನೀರಿನ ವಾಸನೆ ಯಾವ ತಿಂಗಳು ಬದಲಾಗುತ್ತೆ ಅಂತ ಗೊತ್ತಿರೋದು ಅಡುಗೆಮನೆಯವರಿಗೆ. ಅವರು ನನ್ನ ಹತ್ತಿರ ಕೂತು ಹೇಳ್ತಾರೆ, ನಮ್ಮ ಸರ್ ಹತ್ತಿರ ಹೇಳಲ್ಲ. ಜಲಜೀವನ್ ಯೋಜನೆಯಲ್ಲಿ ಹಳ್ಳಿಗೆ ಐದು ಹೆಂಗಸರಿಗೆ ನೀರು ಪರೀಕ್ಷೆ ಕಿಟ್ ಕಲಿಸೋದು ಇಟ್ಟಿದ್ದಾರೆ. ನಿಮ್ಮೂರಲ್ಲಿ ಆ ಕಿಟ್ ಯಾರ ಮನೇಲಿದೆ ಕೇಳು, ಇವತ್ತೇ ಶುರು ಮಾಡಬಹುದು.

ಮಂಡಗದ್ದೆ_ಬೆಳ್ಳಕ್ಕಿ
ಎಲ್ಲರಿಗೂ ದೊಡ್ಡ ಧನ್ಯವಾದ. ರಾತ್ರಿ ಊಟ ಆದ ಮೇಲೆ ಇದಷ್ಟನ್ನೂ ಅಪ್ಪನಿಗೆ ಓದಿ ಹೇಳಿದೆ. ತಾಮ್ರದ ಲೆಕ್ಕ ಬಂದಾಗ ತಡೆದು, ಮತ್ತೊಮ್ಮೆ ಓದು ಅಂದ್ರು. ಜಿಯಾಲಜಿಗೆ ಹೂಂ ಅಂದಿಲ್ಲ ಇನ್ನೂ. ಆದರೆ ಬ್ಯಾರೆಲ್ ತೊಳೆಯೋ ಜಾಗ ಬಾವಿಯಿಂದ ಎಷ್ಟು ಹೆಜ್ಜೆ ಅಂತ ಬೆಳಿಗ್ಗೆ ಎದ್ದು ಅಳೆದ್ರು. ಹದಿನೆಂಟು.

ಕಿಟ್ ಅಂಗನವಾಡಿಯಲ್ಲಿದೆಯಂತೆ, ಸೀಲ್ ಒಡೆದಿಲ್ಲ. ಸೋಮವಾರ ಹೋಗ್ತೀನಿ. ಸಿಪ್ಪೆ ರಾಶಿಯ ಮೇಲೊಂದು, ಕೆಳಗೊಂದು ಬಾಟಲಿ ತುಂಬಿಸಬೇಕು. ಒರತೆ ಸರ್, ಕಬ್ಬಿಣಕ್ಕೆ ಬಾಟಲಿ ಬೇರೆ ಬೇಕಾ?

ಪಿಎಚ್_ಏಳು
ನಾನು ಹೇಳ್ತೀನಿ. ಅಂಗನವಾಡಿ ಕಿಟ್ಟಲ್ಲೇ ನೋಡೋದಾದ್ರೆ ಹಳ್ಳದ ಪಕ್ಕದಲ್ಲೇ, ತುಂಬಿದ ತಕ್ಷಣ ನೋಡು, ಮನೆಗೆ ತರಬೇಡ. ಲ್ಯಾಬಿಗೆ ಕಳಿಸೋದಾದ್ರೆ ಮೊದಲೇ ಬಂದು ಆಸಿಡ್ ಹಾಕಿದ ಬಾಟಲಿ ತಗೊಂಡು ಹೋಗು. ಮುಚ್ಚಳದ ಮೇಲೆ ಅಲ್ಲ, ಬಾಟಲಿ ಮೈ ಮೇಲೆ ಬರಿ: ಜಾಗ, ದಿನ, ಹೊತ್ತು. ಮುಚ್ಚಳ ಅದಲುಬದಲಾಗುತ್ತೆ.

ಗುಡ್ಡದ_ಒರತೆ
ಕೆಳಗಿನ ಬಾಟಲಿ ಮೊದಲು ತುಂಬಿಸು, ಮೇಲಿನದು ಆಮೇಲೆ. ಮೇಲೆ ಮೊದಲು ಹೋದ್ರೆ ನಿನ್ನ ಕಾಲಿನ ಕೆಸರೇ ಕೆಳಗೆ ಬರುತ್ತೆ. ಮತ್ತೆ ನಿಮ್ಮ ಹಳೇ ಬಾವಿ ತೋಡಿದವರು ಯಾರಾದ್ರೂ ಇದ್ರೆ ಶೇಡಿ ಎಷ್ಟು ಆಳಕ್ಕೆ ಸಿಕ್ಕಿತ್ತು ಅಂತ ಕೇಳಿ ಇಟ್ಟುಕೋ.

ಮಂಡಗದ್ದೆ_ಬೆಳ್ಳಕ್ಕಿ
ದೊಡ್ಡಪ್ಪನನ್ನ ಈಗಷ್ಟೇ ಕೇಳಿದೆ. ಇಪ್ಪತ್ತೆರಡು ಅಡಿಗೆ ಅಂದ್ರು. "ಅಲ್ಲಿಂದಲೇ ಒರತೆ ಬಂತು, ಇನ್ನೂ ತೋಡೋದು ಬೇಡ ಅಂತ ನಿಲ್ಲಿಸಿದ್ವಿ" ಅಂದ್ರು. ಸೋಮವಾರ ಅವರೂ ಬರ್ತಾರಂತೆ.